ಅವಸರದ ಪದವಿಯೂ ದಾದಿಯರ ಭವಿಷ್ಯವೂ

ನಮ್ಮ ಧರ್ಮಕೇಂದ್ರಗಳಲ್ಲಿ ದಾದಿಯ ವೃತ್ತಿಯನ್ನು ಆರಿಸಿಕೊಂಡ ಹೆಣ್ಣುಮಕ್ಕಳ ಸಂಖ್ಯೆ ಸಣ್ಣದೇನಲ್ಲ. ಅವರಲ್ಲಿ ಅನೇಕರು ಪಿ.ಯು.ಸಿ.ಯ ಬಳಿಕ ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ ಮುಗಿಸಿ, ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು, ಹಗಲಿರುಳೆನ್ನದೆ ಪಾಳಿಯ ದುಡಿಮೆ ಮಾಡುತ್ತಿರುವವರು. ಇವರ ಸಂಬಳದಿಂದಲೇ ತಮ್ಮಂದಿರ ಓದು, ತಂಗಿಯರ ಮದುವೆ, ಮನೆಯ ಮಾಡಿನ ರಿಪೇರಿ ನಡೆದ ಕುಟುಂಬಗಳು ನಮ್ಮಲ್ಲಿ ಎಷ್ಟೋ ಇವೆ. ಈಗ ಇವರು ಬಿ.ಎಸ್ಸಿ. ಪದವಿಯನ್ನು ಬಯಸುತ್ತಿರುವುದು ಸಹಜ. ಅದರ ಬೆನ್ನಿಗೇ ‘ಕಡಿಮೆ ಅವಧಿ, ಕಡಿಮೆ ಖರ್ಚು, ತರಗತಿಗೆ ಬರಬೇಕಾಗಿಲ್ಲ’ ಎನ್ನುವ ಮಧ್ಯವರ್ತಿಗಳೂ ಮನೆಯಂಗಳಕ್ಕೆ ಬರುತ್ತಿದ್ದಾರೆ. ಈ ಬಗ್ಗೆ ಹೆತ್ತವರು ಎಚ್ಚರದಿಂದ ಯೋಚಿಸಬೇಕಾಗಿದೆ.

ಪದವಿಯ ಹಂಬಲ ತಪ್ಪಲ್ಲ. ಎಂ.ಎಸ್ಸಿ. ನರ್ಸಿಂಗ್ ಓದಲು ಮತ್ತು ಅದರ ಮೂಲಕ ಬೋಧನಾ ಕ್ಷೇತ್ರದಲ್ಲಿ ಮುಂದುವರಿಯಲು ಪದವಿ ಬೇಕೇ ಬೇಕು. ಆದರೆ ಎಲ್ಲ ಬಾಗಿಲಿಗೂ ಅದೊಂದೇ ಬೀಗದ ಕೈ ಅಲ್ಲ. ಏಮ್ಸ್ ಸಂಸ್ಥೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ 50 ಹಾಸಿಗೆಗಳ ಆಸ್ಪತ್ರೆಯಲ್ಲಿ 2 ವರ್ಷ ದುಡಿದ ಡಿಪ್ಲೊಮಾ ದಾದಿಯೂ ಅರ್ಜಿ ಹಾಕಬಹುದು. ಬ್ರಿಟನ್ನಿಗೆ ಹೋಗಬಯಸುವವರಿಗೆ ಇಂಗ್ಲಿಷ್ ಭಾಷೆಯ ಮತ್ತು ವೃತ್ತಿಜ್ಞಾನದ ಪರೀಕ್ಷೆಗಳು, ಅಮೆರಿಕಕ್ಕೆ ಹೋಗಬಯಸುವವರಿಗೆ ಎನ್‌ಕ್ಲೆಕ್ಸ್ ಪರೀಕ್ಷೆ ಪದವಿಯಿದ್ದರೂ ತಪ್ಪುವುದಿಲ್ಲ. ಆದುದರಿಂದ ‘ಪದವಿ ಯಾವುದಕ್ಕೆ ಬೇಕು?’ ಎಂಬುದೇ ಮೊದಲ ಪ್ರಶ್ನೆಯಾಗಬೇಕು.

ನೋಂದಾಯಿತ ದಾದಿಗೆ ನಮ್ಮಲ್ಲಿ ನೇರವಾದ ದಾರಿಗಳು ಎರಡು. ಮೊದಲನೆಯದು ಕಾಲೇಜಿಗೆ ಹೋಗಿ ಓದುವ 2 ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನಮ್ಮ ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಇದನ್ನು ನಡೆಸುತ್ತವೆ. ಎರಡನೆಯದು ಸೇವೆಯಲ್ಲಿರುವ ದಾದಿಯರಿಗಾಗಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ರೂಪಿಸಿರುವ, ಕನಿಷ್ಠ 3 ವರ್ಷಗಳ ದೂರಶಿಕ್ಷಣ. ಇದಕ್ಕೆ ಸೇವಾನುಭವ ಬೇಕು, ಪ್ರವೇಶ ಪರೀಕ್ಷೆಯಿದೆ, ಪ್ರಾಯೋಗಿಕ ತರಬೇತಿಗೆ ಹಾಜರಾಗಲೇಬೇಕು. ಆಯಾ ವರ್ಷದ ಪ್ರಕಟಣೆಯನ್ನು ನೋಡಿಯೇ ಅರ್ಜಿ ಹಾಕುವುದು ಲೇಸು. ಬೇಗ ಮುಗಿಯುವುದು ಮೊದಲನೆಯದು. ಆದರೆ ಅಗ್ಗದ್ದೂ ಅದೇ ಎನ್ನಲಾಗದು. ಶುಲ್ಕ, ಹಾಸ್ಟೆಲು, ಪುಸ್ತಕಗಳ ಜೊತೆಗೆ 2 ವರ್ಷಗಳ ಸಂಬಳವನ್ನೂ ಖರ್ಚಿನ ಪಟ್ಟಿಯಲ್ಲಿ ಬರೆಯಬೇಕು. ದೂರಶಿಕ್ಷಣದಲ್ಲಿ ಒಂದು ವರ್ಷ ಹೆಚ್ಚು ಹಿಡಿದರೂ ಸಂಬಳ ನಿಲ್ಲುವುದಿಲ್ಲ. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂದು ಸಂತ ಲೂಕನ ಶುಭಸಂದೇಶದಲ್ಲಿ ಪ್ರಭು ಯೇಸು ಹೇಳಿದ ಮಾತು ಚಿನ್ನ ಅಡವಿಡಲು ಹೊರಟ ತಂದೆಗೂ ಅನ್ವಯಿಸುತ್ತದೆ.

ಮೂರನೆಯದೊಂದು ಅಡ್ಡದಾರಿಯಿದೆ. ಕೆಲಸ ಬಿಡದೆ, ತರಗತಿಗೂ ಹೋಗದೆ, ಪರೀಕ್ಷೆಗೆ ಮಾತ್ರ ಹಾಜರಾಗಿ ಕಾಲೇಜಿನಲ್ಲೇ ಓದಿದವರಂತೆ ಪದವಿ ಪಡೆಯುವುದು. ಇದರ ಅಪಾಯ ಕೊಂಡ ದಿನ ತಿಳಿಯುವುದಿಲ್ಲ. ಕೊಲ್ಲಿ ರಾಷ್ಟ್ರಗಳಿಗೆ ಹೊರಟಾಗ ಪ್ರಮಾಣಪತ್ರಗಳನ್ನು ಅವು ಹೊರಟ ಮೂಲದಲ್ಲಿಯೇ ಪರಿಶೀಲಿಸುತ್ತಾರೆ. ಒಂದು ಊರಿನ ಆಸ್ಪತ್ರೆಯ ಅನುಭವ ಪತ್ರವೂ ಇನ್ನೊಂದು ಊರಿನ ಕಾಲೇಜಿನ ಹಾಜರಾತಿಯೂ ಒಂದೇ ಅವಧಿಯದಾಗಿದ್ದರೆ ಎರಡರಲ್ಲೊಂದು ಸುಳ್ಳೆಂದು ತಾನಾಗಿಯೇ ಸಿದ್ಧವಾಗುತ್ತದೆ. ಆಗ ಪದವಿಯ ಜೊತೆಗೆ ಪ್ರಾಮಾಣಿಕವಾಗಿ ದುಡಿದ ವರ್ಷಗಳೂ ಸಂಶಯಕ್ಕೆ ಗುರಿಯಾಗುತ್ತವೆ. ಮಧ್ಯವರ್ತಿ ಅಷ್ಟರೊಳಗೆ ತನ್ನ ಪಾಲು ಪಡೆದು ಹೋಗಿರುತ್ತಾನೆ.

ಇದು ನಮ್ಮ ದೇಶಕ್ಕಷ್ಟೇ ಅಂಟಿದ ರೋಗವಲ್ಲ. 2023ರ ಜನವರಿಯಲ್ಲಿ ಅಮೆರಿಕದ ಫ್ಲಾರಿಡಾದ ಮೂರು ನರ್ಸಿಂಗ್ ಶಾಲೆಗಳಿಂದ 7,600ಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರಗಳು ಮಾರಾಟವಾಗಿದ್ದ ಹಗರಣ ಬಯಲಾಗಿ 25 ಮಂದಿಯ ಮೇಲೆ ಆರೋಪ ಹೊರಿಸಲಾಯಿತು. ಹಣ ಕೊಟ್ಟು ಕಾಗದ ಕೊಂಡವರು ಪರವಾನಗಿ ಕಳೆದುಕೊಂಡರು. ಅದೇ ದೇಶದಲ್ಲಿ ಪ್ರಾಮಾಣಿಕವಾದ ಶೀಘ್ರ ವ್ಯಾಸಂಗವೂ ಇದೆ. ನ್ಯೂಯಾರ್ಕ್ ರಾಜ್ಯದ 2017ರ ಕಾನೂನಿನಂತೆ ಹೊಸದಾಗಿ ನೋಂದಾಯಿತರಾದ ದಾದಿಯರು 10 ವರ್ಷಗಳೊಳಗೆ ಪದವಿ ಪಡೆಯಬೇಕು. ಕೆಲಸದಲ್ಲಿದ್ದುಕೊಂಡೇ ಆನ್‌ಲೈನ್ ಮೂಲಕ ಓದಲು ಅಲ್ಲಿ ಅವಕಾಶವಿದೆ. ಸಿ.ಸಿ.ಎನ್.ಇ. ಅಥವಾ ಎ.ಸಿ.ಇ.ಎನ್. ಮಾನ್ಯತೆಯಿದೆಯೇ ಎಂದು ವಿಚಾರಿಸಿಯೇ ಜಾಣರು ಸೇರುತ್ತಾರೆ. ಬೇಗ ಮುಗಿಯುವುದು ದೋಷವಲ್ಲ, ಕಲಿಯದೆ ಮುಗಿಯುವುದು ದೋಷ.

ಹೆತ್ತವರು ಹಣ ಕೊಡುವ ಮೊದಲು ನಾಲ್ಕು ವಿಷಯಗಳನ್ನು ಲಿಖಿತವಾಗಿ ಕೇಳಿ ಪಡೆಯಲಿ: ಯಾವ ವಿಶ್ವವಿದ್ಯಾಲಯದ ಪದವಿ, ಆ ವರ್ಷಕ್ಕೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ, ಪ್ರಾಯೋಗಿಕ ತರಬೇತಿ ಯಾವ ಆಸ್ಪತ್ರೆಯಲ್ಲಿ, ಒಟ್ಟು ಶುಲ್ಕವೆಷ್ಟು. ಮೂಲ ಪ್ರಮಾಣಪತ್ರಗಳನ್ನು ಒತ್ತೆಯಾಗಿ ಇಟ್ಟುಕೊಳ್ಳುವೆನೆನ್ನುವ ಸಂಸ್ಥೆಯಿಂದ ದೂರವಿರುವುದೇ ಕ್ಷೇಮ.

ಇಷ್ಟು ಹೇಳಿ ಹೊಣೆಯನ್ನೆಲ್ಲ ಕುಟುಂಬಗಳ ಮೇಲೆಯೇ ಹೊರಿಸಿದರೆ ಅನ್ಯಾಯವಾದೀತು. ದುಡಿಯುವ ದಾದಿ ಅಡ್ಡದಾರಿ ಹಿಡಿಯುವುದು ಬಹುಮಟ್ಟಿಗೆ ರಜೆಯೂ ನೆರವೂ ಸಿಗದಿರುವುದರಿಂದ. ನಮ್ಮ ಕಥೊಲಿಕ ಆಸ್ಪತ್ರೆಗಳು ವರ್ಷಕ್ಕೆ ಇಬ್ಬರು ಮೂವರಿಗಾದರೂ ಸಂಬಳಸಹಿತ ವ್ಯಾಸಂಗ ರಜೆ ಕೊಡಬಾರದೇಕೆ? ಕಾಲೇಜು ಸೇರುವ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಧರ್ಮಕೇಂದ್ರದ ಸಂಘಗಳು ಮೂವತ್ತು ದಾಟಿದ ದಾದಿಗೆ ಬಡ್ಡಿಯಿಲ್ಲದ ಸಾಲ ಕೊಡಬಾರದೇಕೆ? ಸಂತ ಕಮಿಲ್ಲುಸರನ್ನು ದಾದಿಯರ ಪಾಲಕ ಸಂತರೆಂದು 1930ರಲ್ಲಿ ಸಾರಿದ ಧರ್ಮಸಭೆ ನಮ್ಮದು. ಜುಲೈ 14ರಂದು ಅವರ ಹಬ್ಬದ ಬಲಿಪೂಜೆಯಲ್ಲಿ ದಾದಿಯರಿಗೆ ಹೂ ಕೊಟ್ಟು ಗೌರವಿಸುವುದು ಒಳ್ಳೆಯದೇ. ಅದೇ ದಿನ ಒಬ್ಬಳ ಓದಿನ ವೆಚ್ಚವನ್ನು ಸಮುದಾಯ ವಹಿಸಿಕೊಂಡರೆ ಇನ್ನೂ ಒಳ್ಳೆಯದು. ನಡುರಾತ್ರಿ ರೋಗಿಯ ಉಸಿರಾಟ ಏರುಪೇರಾದಾಗ ಅವನ ಪಕ್ಕದಲ್ಲಿರುವವಳು ದಾದಿ. ಆ ಗಳಿಗೆಯಲ್ಲಿ ಆಕೆಗೆ ನೆರವಾಗುವುದು ವಾರ್ಡಿನಲ್ಲಿ ನಿಂತು ಕಲಿತ ವಿದ್ಯೆಯೊಂದೇ.