ಮಕ್ಕಳ ಕಪಾಟಿನ ಮುಂದೆ ನೀವೂ ನಿಲ್ಲಿ



ಎರಿಕ್ ಕೆಸ್ಟ್ನರ್ 1929ರಲ್ಲಿ ಬರೆದ ‘ಎಮಿಲ್ ಮತ್ತು ಪತ್ತೇದಾರರು’ ಎಂಬ ಜರ್ಮನ್ ಕಾದಂಬರಿ ನನ್ನ ಕೈಗೆ ಸಿಕ್ಕಿದ್ದು ನಲವತ್ತು ದಾಟಿದ ಮೇಲೆ, ಇಂಗ್ಲಿಷ್ ಅನುವಾದದಲ್ಲಿ. ಮಗಳಿಗೆಂದು ತಂದ ಪುಸ್ತಕ. ರಾತ್ರಿ ಒಂದು ಗಂಟೆಯವರೆಗೆ ಕೂತು ನಾನೇ ಮುಗಿಸಿದೆ.

ಎಮಿಲ್ ತಂದೆಯಿಲ್ಲದ ಹುಡುಗ. ತಾಯಿ ಮನೆಯಲ್ಲೇ ಹೆಂಗಸರ ತಲೆ ತೊಳೆದು, ಕೂದಲು ಒಪ್ಪ ಮಾಡಿ ಸಂಸಾರ ತೂಗಿಸುತ್ತಾಳೆ. ಬರ್ಲಿನ್ನಿನ ಅಜ್ಜಿಗೆಂದು 120 ಮಾರ್ಕ್, ಮಗನ ಖರ್ಚಿಗೆ 20 ಮಾರ್ಕ್ ಕೊಟ್ಟು ರೈಲು ಹತ್ತಿಸುತ್ತಾಳೆ. ಹುಡುಗ ಆ ನೋಟುಗಳನ್ನು ಕೋಟಿನ ಒಳಜೇಬಿಗೆ ಗುಂಡುಸೂಜಿ ಹಾಕಿ ಭದ್ರ ಮಾಡುತ್ತಾನೆ. ನಿದ್ದೆಯಿಂದ ಎಚ್ಚರವಾದಾಗ ಹಣವಿಲ್ಲ, ಜೊತೆಗಿದ್ದ ದುಂಡು ಟೋಪಿಯ ಗಂಡಸೂ ಇಲ್ಲ.

ಚಿಕ್ಕವನಿದ್ದಾಗ ಓದಿದ್ದರೆ ಕಳ್ಳನ ಬೆನ್ನಟ್ಟುವುದರಲ್ಲೇ ಮೈಮರೆಯುತ್ತಿದ್ದೆನೇನೋ. ಈಗ ಕಾಡಿದ್ದು ಬೇರೆ. ಕಳುವಾದ ಕೂಡಲೇ ಎಮಿಲ್ ಪೊಲೀಸರ ಬಳಿಗೆ ಓಡುವುದಿಲ್ಲ. ಊರಿನಲ್ಲಿದ್ದ ಒಂದು ಪ್ರತಿಮೆಗೆ ಅವನು ತಮಾಷೆಗೆ ಮೀಸೆ ಬರೆದಿದ್ದ. ತನ್ನನ್ನೇ ಹಿಡಿದು ಹಾಕಿಯಾರೆಂಬ ಭಯ. ಇಷ್ಟು ಸಣ್ಣ ತಪ್ಪಿನ ಹೆದರಿಕೆ ಎಷ್ಟು ದೊಡ್ಡ ಕಷ್ಟವನ್ನು ಮಗುವಿನ ಗಂಟಲಲ್ಲೇ ಉಳಿಸಿಬಿಡುತ್ತದೆ! ಓದುತ್ತಾ ನನ್ನ ಮಗಳ ಮುಖ ಕಣ್ಣ ಮುಂದೆ ಬಂತು. ಅವಳು ನನಗೆ ಹೇಳದೆ ಬಿಟ್ಟದ್ದು ಏನೇನಿದೆಯೋ ಎಂದು ಆ ರಾತ್ರಿ ಮೊದಲ ಸಲ ಯೋಚಿಸಿದೆ.

ಬರ್ಲಿನ್ನಿನ ಟ್ರಾಮಿನಲ್ಲಿ ಕಾಸಿಲ್ಲದೆ ನಿಂತ ಅವನಿಗೆ ಅಪರಿಚಿತನೊಬ್ಬ ಟಿಕೆಟ್ ಕೊಡಿಸುತ್ತಾನೆ. ಅಷ್ಟೇ, ಮತ್ತೆ ಪತ್ರಿಕೆ ಓದತೊಡಗುತ್ತಾನೆ. ಆಮೇಲೆ ಬೀದಿಯ ಹುಡುಗರ ದಂಡು ಕೂಡುತ್ತದೆ. ಎಲ್ಲರೂ ಕಳ್ಳನ ಹಿಂದೆ ಹೋದರೆ, ಡೀನ್ಸ್‌ಟಾಗ್ ಎಂಬ ಪುಟ್ಟ ಹುಡುಗ ಮಾತ್ರ ಮನೆಯಲ್ಲಿ ಟೆಲಿಫೋನ್ ಕಾಯುತ್ತಾ ಕೂರಬೇಕು. ಅವನಿಗೂ ಬೀದಿಗೆ ಓಡುವ ಆಸೆ. ಆದರೂ ಕದಲುವುದಿಲ್ಲ. ಕೊನೆಗೆ ಅಜ್ಜಿ ಎಲ್ಲರೆದುರು ಹೊಗಳುವುದು ಅವನನ್ನೇ. ಕಳ್ಳನನ್ನು ಹಿಡಿದುಕೊಟ್ಟದ್ದು ನೋಟುಗಳಲ್ಲಿದ್ದ ಸೂಜಿಯ ತೂತು. ಆದರೆ ನನ್ನ ಮಟ್ಟಿಗೆ ಕಾದಂಬರಿಯ ಎದೆ ಆ ಟೆಲಿಫೋನಿನ ಪಕ್ಕದಲ್ಲಿದೆ.

1933ರ ಮೇ 10ರಂದು ಬರ್ಲಿನ್ನಿನಲ್ಲಿ ನಾಜಿಗಳು ಕೆಸ್ಟ್ನರನ ಪುಸ್ತಕಗಳನ್ನು ಸುಟ್ಟರು. ಗುಂಪಿನಲ್ಲಿ ನಿಂತು ಅವನು ಅದನ್ನು ಕಣ್ಣಾರೆ ಕಂಡ. ‘ಎಮಿಲ್’ ಆ ಬೆಂಕಿಗೆ ಬೀಳಲಿಲ್ಲ.

ಹಾಗೆ ಉಳಿದುಬಂದ ಈ ಪುಸ್ತಕ ಓದಿದ ಮೇಲೆ ನನ್ನ ಕೋರಿಕೆ ಇಷ್ಟು. ಕರ್ನಾಟಕದಲ್ಲಿ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇದೆ. ಹಾಗಾಗಿ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ಕಪಾಟೂ ನಮ್ಮದೇ. ಮಕ್ಕಳನ್ನು ಅದರ ಮುಂದೆ ಬಿಟ್ಟು ಹೊರಗೆ ಕಾಯಬೇಡಿ, ಜೊತೆಗೆ ಒಳಗೆ ಹೋಗಿ. ಒಳ್ಳೆಯ ಪುಸ್ತಕ ಇಲ್ಲದಿದ್ದರೆ ತರಿಸಿಕೊಡಿರೆಂದು ಗ್ರಂಥಪಾಲಕರಿಗೆ ಬರೆದುಕೊಡಿ. ಮನೆಯಲ್ಲಿ ಮಕ್ಕಳಿಲ್ಲದವರೂ ಸಂಕೋಚಪಡಬೇಡಿ. ಈ ವಾರವೇ ಒಂದು ಮಕ್ಕಳ ಪತ್ತೇದಾರಿ ಕಾದಂಬರಿಯನ್ನು ನಿಮ್ಮ ಹೆಸರಿಗೇ ಬರೆಸಿಕೊಂಡು ಮನೆಗೆ ತನ್ನಿ.