ಶಾರ್ಟೇಜ್ ಪಟ್ಟಿಯ ಮುಂದೆ

ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನೆರೆಯುವ ಹೊತ್ತಿಗೆ ನಮ್ಮ ಪದವಿ ಕಾಲೇಜುಗಳಲ್ಲಿ ಬೇರೊಂದು ಪರಿಷೆ ಶುರುವಾಗಿರುತ್ತದೆ (ಸೆಮಿಸ್ಟರ್ ಸಕಾಲಕ್ಕೆ ನಡೆದಿದ್ದರೆ ಎನ್ನಿ!). ಅದು ಸೇರುವುದು ನೋಟಿಸ್ ಬೋರ್ಡಿನ ಮುಂದೆ. ಹಾಜರಾತಿ ಶಾರ್ಟೇಜ್ ಪಟ್ಟಿ ಬಿದ್ದಿದೆ.

ತಮಾಷೆಯೆಂದರೆ, ಇದ್ದೇ ಇರುತ್ತವೆಂದು ನಾವಂದುಕೊಂಡ ಕ್ಯಾಂಟೀನ್ ಶೂರರ ಹೆಸರುಗಳು ಅದರಲ್ಲಿ ಇರುವುದೇ ಇಲ್ಲ. ಅವರು ಲೆಕ್ಕದಲ್ಲಿ ಪಕ್ಕಾ. 60 ತರಗತಿ ನಡೆದರೆ ಶೇ. 75ಕ್ಕೆ 45 ಸಾಕು, ಉಳಿದ 15 ಚಕ್ಕರ್ ತಮ್ಮ ಹಕ್ಕು ಎಂದು ಮೊದಲ ವಾರವೇ ಗುಣಾಕಾರ ಮಾಡಿಟ್ಟಿರುತ್ತಾರೆ. ಹದಿನಾರನೆಯದಕ್ಕೆ ಹಿಂದಿನ ಬೆಂಚಿನ ಗೆಳೆಯ ದನಿ ಬದಲಿಸಿ 'ಯೆಸ್ ಸಾರ್' ಅನ್ನುತ್ತಾನೆ.

ಸಿಕ್ಕಿಬೀಳುವವರು ಬೇರೆ. ಹಳ್ಳಿಯಿಂದ ದಿನಾ ಓಡಾಡುವ ಹುಡುಗಿಯೊಬ್ಬಳನ್ನು ನೆನೆಸಿಕೊಳ್ಳಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಬಸ್ ಛಾರ್ಜಿನ ಚಿಂತೆ ತಪ್ಪಿತು. ಅದು ಸಣ್ಣ ಮಾತಲ್ಲ. ಆದರೆ ಬೆಳಗಿನ ಬಸ್ಸು ಒಂದೇ. ಅದು ಅವಳ ಊರಿನ ಗೇಟಿಗೆ ಬರುವಾಗಲೇ ಬಾಗಿಲಿಗೆ ಜನ ಜೋತುಬಿದ್ದಿರುತ್ತಾರೆ. ಕಂಡಕ್ಟರ್ 'ಹಿಂದೆ ಇನ್ನೊಂದು ಬರ್ತದೆ' ಎಂದು ಸೀಟಿ ಊದುತ್ತಾನೆ. ಆ ಇನ್ನೊಂದರಲ್ಲಿ ಬಂದು ಇಳಿಯುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತದೆ. ವಾರಕ್ಕೆ ನಾಲ್ಕು ತರಗತಿಯಿರುವ ಪೇಪರಿಗೆ ಎರಡು ಮೊದಲ ಪೀರಿಯಡ್ಡಿನಲ್ಲೇ ಬಿದ್ದರೆ, 15 ವಾರದಲ್ಲಿ ಅಂಥವು 30. ಅದರಲ್ಲಿ 16 ತಪ್ಪಿದರೂ 60ಕ್ಕೆ 44, ಅಂದರೆ ಶೇ. 73.3. ಒಂದೇ ಒಂದು ತರಗತಿ ಕಮ್ಮಿ!

ಇದನ್ನು ಅವಳು ಮನೆಯಲ್ಲಿ ಬಾಯಿಬಿಡುವುದಿಲ್ಲ. 'ಇಷ್ಟು ಕಷ್ಟಪಟ್ಟು ಓದೋದು ಯಾಕೆ, ಬಿಟ್ಟುಬಿಡು' ಎಂಬ ಉತ್ತರ ಸಿದ್ಧವಿರುತ್ತದೆಂದು ಅವಳಿಗೆ ಗೊತ್ತು. ಆಮೇಲೊಂದು ದಿನ ಅಪ್ಪನ ಮೊಬೈಲಿಗೆ ಕಾಲೇಜಿನಿಂದ ಮೆಸೇಜು ಬರುತ್ತದೆ. 'ದಿನಾ ಬೆಳಿಗ್ಗೆ ಹೊರಡ್ತಿದ್ದಳಲ್ಲ, ಹೋಗಿದ್ದಾದರೂ ಎಲ್ಲಿಗೆ?' ಅಲ್ಲಿಗೆ ಮಾತು ಬಸ್ಸಿನಿಂದ ಗಂಡು ಹುಡುಕುವ ಕಡೆಗೆ ತಿರುಗುತ್ತದೆ.

ಪೋಷಕರೇ, ಆ ಮೆಸೇಜು ಬಂದ ದಿನ ಮಗಳನ್ನು ಗದರುವ ಮೊದಲು ಯಾವ ಪೀರಿಯಡ್ಡು ತಪ್ಪಿದೆ ಎಂದು ಕೇಳಿ ನೋಡಿ. ತಪ್ಪಿದ್ದೆಲ್ಲ ಮೊದಲ ಪೀರಿಯಡ್ಡೇ ಆಗಿದ್ದರೆ ಕಾಲೇಜಿಗೆ ಒಮ್ಮೆ ಬನ್ನಿ. ಹಲವು ಕಡೆ ಮೊದಲು ಹಾಕುವುದು ತಾತ್ಕಾಲಿಕ ಪಟ್ಟಿ. ಅಂತಿಮ ಪಟ್ಟಿ ಬೀಳುವ ಮುನ್ನ ಕಾರಣ ಬರೆದುಕೊಟ್ಟರೆ ಕೇಳುವ ಪ್ರಾಂಶುಪಾಲರು ಇದ್ದಾರೆ. ಕೇಳದವರೂ ಇದ್ದಾರೆ, ಸುಳ್ಳೇಕೆ. ಮಗಳೇ, ನೀನೂ ಅಷ್ಟೇ, ಪಟ್ಟಿ ಬೀಳುವವರೆಗೆ ಕಾಯಬೇಡ. ಮೂರು ಸಲ ಬಸ್ಸು ತಪ್ಪಿದಾಗಲೇ ಕ್ಲಾಸ್ ಟೀಚರಿಗೆ ಹೇಳು.

ಉಳಿದ ಗೋಳು ವರ್ಷವರ್ಷದ್ದೇ. ರೆಕಾರ್ಡಿಗೆ ಸಹಿ ಸಿಗುವುದಿಲ್ಲ, ಇಂಟರ್ನಲ್ಸ್ ಅಂಕ ಎಷ್ಟೆಂದು ಯಾರೂ ಬಾಯಿ ಬಿಡುವುದಿಲ್ಲ, ಹಾಸ್ಟೆಲಿನ ಹುಡುಗರಿಗೆ ಮನೆಯ ಅವರೆಕಾಳಿನ ಉಪ್ಪಿಟ್ಟು ಕನಸಿನಲ್ಲಿ ಬರುತ್ತದೆ. ಇವೆಲ್ಲ ರಜೆ ಬಂದರೆ ವಾಸಿಯಾಗುವ ಕಾಯಿಲೆಗಳು.

ಬೆಳಗಿನ ಬಸ್ಸಿನದು ಹಾಗಲ್ಲ, ರಜೆ ಮುಗಿದ ಮೇಲೂ ಅದು ಒಂದೇ ಇರುತ್ತದೆ. ಇನ್ನೊಂದು ಬಿಡಿ ಎಂದು ಡಿಪೋ ಮ್ಯಾನೇಜರಿಗೆ ಅರ್ಜಿ ಕೊಡಬೇಕು. ಆ ದಾರಿಯ ಊರುಗಳ ಮಕ್ಕಳೆಲ್ಲ ಸಹಿ ಹಾಕಿ, ಪ್ರಾಂಶುಪಾಲರ ಮೊಹರು ಒತ್ತಿಸಿ, ರಜೆಗೆ ಮೊದಲೇ ಕೊಟ್ಟರೆ ಒಳ್ಳೆಯದು. ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.