ಸೂಜಿ ಚುಚ್ಚುವ ಕೈಗೆ ಸೂಜಿ ಬೇಡವೇ?

ಕನ್ನಡದ ಯುವಕರೇ, ನೀವು ಪೀಣ್ಯದಲ್ಲೋ ರಾಜಾಜಿನಗರದಲ್ಲೋ ದುಡಿಯುತ್ತಿದ್ದೀರಿ. ಅಪ್ಪ ಅವ್ವ ಇನ್ನೂ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆಯೇ ಇದ್ದಾರೆ. ನಾಳೆ ಅವರು ಸಕ್ಕರೆ ಕಾಯಿಲೆಗೋ ಕಾಲು ಮುರಿದೋ ತಾಲ್ಲೂಕು ಆಸ್ಪತ್ರೆಯ ಮಂಚ ಹಿಡಿದರೆ, ಡ್ರಿಪ್ ಹಾಕಲು ಬಂದವರೇ ಕೆಮ್ಮುತ್ತಿದ್ದರೆ ಗತಿ ಏನು? ನಿತ್ರಾಣವಾದ ಮುದಿಜೀವಕ್ಕೆ ಫ್ಲೂ ಬಂದರೆ ಅದು ನ್ಯುಮೋನಿಯಾಕ್ಕೆ ತಿರುಗಲು ಹೆಚ್ಚು ದಿನ ಬೇಡ.

ನಮ್ಮ ನಿಡುಗಲ್ ಸೀಮೆಗೆ ಅಂಟುರೋಗದ ಪಾಠ ಹೊಸದೇ? 2020ರ ಮಾರ್ಚ್ 27ರಂದು ಸಿರಾದ 60 ವರ್ಷದವರೊಬ್ಬರು ಕೊರೊನಾದಿಂದ ತುಮಕೂರಿನಲ್ಲಿ ತೀರಿಕೊಂಡರು. ರಾಜ್ಯದ 3ನೇ ಸಾವು ಅದು. 2021ರ ಜನವರಿ 16ರಂದು ಲಸಿಕೆ ಬಂದಾಗ ಮೊದಲ ಸಾಲಿನಲ್ಲಿ ನಿಲ್ಲಿಸಿದ್ದು ಆಸ್ಪತ್ರೆಯವರನ್ನೇ. ವರ್ಷಾವರ್ಷ ಬರುವ ಫ್ಲೂ ವಿಷಯದಲ್ಲಿ ಮಾತ್ರ ಏಕೆ ಈ ಮರೆವು? 2015ರಲ್ಲಿ ಎಚ್1ಎನ್1 ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದು ಸುಮಾರು 3 ಸಾವಿರ ಜನರನ್ನು ನುಂಗಿತು. 2023ರಲ್ಲಿ ಎಚ್3ಎನ್2 ಹಾಸನ ಜಿಲ್ಲೆಯ ವೃದ್ಧರೊಬ್ಬರನ್ನು ಬಲಿ ತೆಗೆದುಕೊಂಡಾಗ ಸಭೆ ನಡೆಯಿತು, ಸಿಬ್ಬಂದಿಗೆ ಮಾಸ್ಕ್ ಎಂದರು. ಜ್ವರ ಇಳಿಯಿತು, ಮಾತೂ ಇಳಿಯಿತು!

ಆರೋಗ್ಯ ಸಿಬ್ಬಂದಿಗೆ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ದೇಶದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಅದಿಲ್ಲ. ಖಾಸಗಿಯಲ್ಲಿ ಒಂದು ಸೂಜಿಗೆ ಸಾವಿರ ರೂಪಾಯಿಗೂ ಮೇಲೆ. ವಾರ್ಡು ಗುಡಿಸುವ ಹೊರಗುತ್ತಿಗೆಯ ಹೆಂಗಸು ಎಲ್ಲಿಂದ ತರಬೇಕು, ಸ್ವಾಮಿ? ರಜೆ ಹಾಕಿದರೆ ಕೂಲಿ ಕಟ್. ಜ್ವರದಲ್ಲೇ ಬರುತ್ತಾಳೆ. ಅವಳನ್ನು ಬೈದು ಏನು ಪುರುಷಾರ್ಥ?

ಇನ್ನು ಕೆಲವರು ಓದಿದವರೇ ಕುಂಟುನೆಪ ಹೇಳುತ್ತಾರೆ. ಚುಚ್ಚಿಸಿಕೊಂಡರೆ ಫ್ಲೂ ಬರುತ್ತದಂತೆ! ಆ ಚುಚ್ಚುಮದ್ದಿನಲ್ಲಿ ಇರುವುದು ಸತ್ತ ವೈರಾಣು. ಒಂದೆರಡು ದಿನ ತೋಳು ನೋಯಬಹುದು, ಮೈ ಬಿಸಿಯಾಗಬಹುದು, ಫ್ಲೂ ಬರುವುದಿಲ್ಲ. ಹೋದ ವರ್ಷ ಹಾಕಿಸಿದ್ದೇನಲ್ಲ ಎನ್ನುವವರಿಗೂ ಒಂದು ಮಾತು: ವೈರಾಣು ವೇಷ ಬದಲಿಸುತ್ತಲೇ ಇರುತ್ತದೆ, ಅದನ್ನು ನೋಡಿ ಲಸಿಕೆಯನ್ನೂ ಬದಲಿಸುತ್ತಾರೆ. ನೂರಕ್ಕೆ ನೂರು ರಕ್ಷಣೆ ಇಲ್ಲ, ಒಪ್ಪುತ್ತೇನೆ. ಮಳೆಯಲ್ಲಿ ಕೊಡೆ ಹಿಡಿದರೂ ಕಾಲು ನೆನೆಯುತ್ತದೆ, ಕೊಡೆ ಎಸೆಯುತ್ತೇವೆಯೇ?

ಆಗದ ಕೆಲಸವೇನಲ್ಲ. ಅಮೆರಿಕದ ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆ 2005ರಲ್ಲಿ ಇದನ್ನು ಕಡ್ಡಾಯ ಮಾಡಿತು. ಶೇ. 54ರ ಆಸುಪಾಸಿನಲ್ಲಿದ್ದದ್ದು ಶೇ. 97 ದಾಟಿತು. ಅಮೆರಿಕ ಯಾಕೆ, ನಮ್ಮವರೇ ಬಸ್‌ಸ್ಟ್ಯಾಂಡಿನಲ್ಲಿ ಮೇಜು ಹಾಕಿ, ಮನೆಮನೆ ತಿರುಗಿ ಪೋಲಿಯೊ ಹನಿ ಹಾಕಿದರು, 2014ರಲ್ಲಿ ದೇಶ ಪೋಲಿಯೊಮುಕ್ತವಾಯಿತು. ಅದೇ ಜನರ ತೋಳಿಗೆ, ಮಳೆಗಾಲಕ್ಕೆ ಮುಂಚೆ, ಪಾಳಿ ಬದಲಾಗುವ ಹೊತ್ತಿಗೆ ವಾರ್ಡಿಗೇ ಹೋಗಿ ಪುಕ್ಕಟೆ ಹಾಕಲು ಏನು ದಾಡಿ? ಡಾಕ್ಟರಿಂದ ಆಂಬುಲೆನ್ಸ್ ಚಾಲಕನವರೆಗೆ, ಹೊರಗುತ್ತಿಗೆಯವರನ್ನೂ ಬಿಡದೆ. ಎಷ್ಟು ಜನಕ್ಕೆ ಆಯಿತೆಂದು ಆಸ್ಪತ್ರೆ ಬಾಗಿಲಲ್ಲೇ ಕನ್ನಡದಲ್ಲಿ ಬರೆದು ಹಾಕಲಿ.

ಲಸಿಕೆಯ ಡಬ್ಬಿಯೊಳಗಿನ ಚೀಟಿ ನೋಡಿದ್ದೀರಾ? ಇರುವೆ ಗಾತ್ರದ ಇಂಗ್ಲಿಷು. ಆಯಾಗೆ, ವಾರ್ಡ್‌ಬಾಯ್‌ಗೆ ಅರ್ಥವಾಗದ ಮೇಲೆ ಹೆದರಿಕೆ ಹೋಗುವುದು ಹೇಗೆ? ಮುಂದಿನ ಸಲ ಊರಿಗೆ ಹೋದಾಗ ಗುಂಪಾಗಿ ತಾಲ್ಲೂಕು ಆರೋಗ್ಯಾಧಿಕಾರಿಯ ಮುಂದೆ ನಿಂತು ಲೆಕ್ಕ ಕೇಳಿ. ಕನ್ನಡ ಕರಪತ್ರದ ಒಕ್ಕಣೆಯನ್ನು ಡಾಕ್ಟರೊಬ್ಬರಿಂದ ತಿದ್ದಿಸಿ ತನ್ನಿ. ಕಾಗದ ನಿಮ್ಮದು, ಅಚ್ಚಿನ ಕೂಲಿ ನನ್ನ ಪ್ರೆಸ್ಸಿನದು.